ಶಾಖೆ ಮುಚ್ಚುವ ಸುದ್ದಿ ನೌಕರರಿಗೂ ಮೊದಲೇ ತಿಳಿಯಲಿ

ಮಾನ್ಯ ಸಂಪಾದಕರೇ,

ಹಣಕಾಸು ಕಂಪನಿಯೊಂದು ಶಾಖೆಗಳಿಗೆ ಬೀಗ ಹಾಕಿದಾಗಲೆಲ್ಲ ಆಡಳಿತ ಮಂಡಳಿ ‘ನಷ್ಟ’ ಎನ್ನುತ್ತದೆ, ನೌಕರರ ಸಂಘ ‘ಸೇಡು’ ಎನ್ನುತ್ತದೆ. ಮುಚ್ಚುವ ವಿಷಯ ಯಾರಿಗೆ, ಎಷ್ಟು ದಿನ ಮೊದಲು ತಿಳಿಯಬೇಕೆಂಬ ಪ್ರಶ್ನೆ ಈ ಜಟಾಪಟಿಯಲ್ಲಿ ಮೂಲೆಗುಂಪಾಗುತ್ತದೆ.

ಸಾರ್ವಜನಿಕರಿಂದ ಠೇವಣಿ ಪಡೆಯುವ ಬ್ಯಾಂಕೇತರ ಹಣಕಾಸು ಕಂಪನಿಯು ಶಾಖೆ ಮುಚ್ಚುವ ಮುನ್ನ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಬೇಕು, 90 ದಿನ ಮೊದಲೇ ರಿಸರ್ವ್ ಬ್ಯಾಂಕಿಗೆ ತಿಳಿಸಬೇಕು. ಠೇವಣಿದಾರರಿಗೆ ಇಷ್ಟು ರಕ್ಷಣೆ ಇರುವುದು ಸರಿಯೇ. ಆದರೆ ಅದೇ ಕೌಂಟರಿನ ಒಳಬದಿಯಲ್ಲಿ ಕುಳಿತವರ ಗತಿ ಬೇರೆ. ಉದ್ದಿಮೆ ಮುಚ್ಚಲು ಸರ್ಕಾರಕ್ಕೆ 60 ದಿನಗಳ ಮುನ್ಸೂಚನೆ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆದರೆ ಐವತ್ತಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆ ಅದು ಅನ್ವಯಿಸದು. ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ಬಿಗಿಯಾದ ನಿಯಮವಂತೂ ಕಾರ್ಖಾನೆ, ಗಣಿ, ತೋಟಗಳಿಗಷ್ಟೇ ಸೀಮಿತ.

ಕೇರಳದ ಮುತ್ತೂಟ್ ಫೈನಾನ್ಸ್ ಪ್ರಕರಣ ನೋಡಿ. 2019ರ ಆಗಸ್ಟ್‌ನಲ್ಲಿ ಕಾರ್ಮಿಕ ಸಂಘಟನೆ ಸಿಐಟಿಯು ನೇತೃತ್ವದಲ್ಲಿ ಆರಂಭವಾದ ಮುಷ್ಕರ 52 ದಿನ ನಡೆದು ಅಕ್ಟೋಬರ್‌ನಲ್ಲಿ ಒಪ್ಪಂದದೊಂದಿಗೆ ಮುಗಿಯಿತು. ಎರಡು ತಿಂಗಳು ತುಂಬುವಷ್ಟರಲ್ಲಿ ಕಂಪನಿ 43 ಶಾಖೆಗಳನ್ನು ಮುಚ್ಚಿ 166 ಮಂದಿಯನ್ನು ಕೆಲಸದಿಂದ ತೆಗೆಯಿತು. ಜನವರಿಯಲ್ಲಿ ಮತ್ತೆ ಮುಷ್ಕರ. ಭಾಗಿಸಿ ನೋಡಿದರೆ ಶಾಖೆಗೆ ನಾಲ್ಕು ಮಂದಿಯೂ ಬೀಳುವುದಿಲ್ಲ. ಪ್ರತಿ ಶಾಖೆಯನ್ನೂ ಬಿಡಿ ಘಟಕವೆಂದು ಎಣಿಸತೊಡಗಿದರೆ, ದೇಶದಾದ್ಯಂತ ಸಾವಿರಾರು ನೌಕರರಿರುವ ಕಂಪನಿಯೂ ಐವತ್ತರ ಗಡಿಯೊಳಗೆ ಆರಾಮವಾಗಿ ನುಸುಳಿಕೊಳ್ಳಬಹುದು.

ಸಂಘಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮುಚ್ಚಲೆಂದೇ ಹೊರಟವರ ಮುಂದೆ ಮುಷ್ಕರ ಹೂಡಿದರೆ ಬಾಗಿಲು ಹಾಕುವ ಶ್ರಮ ಅವರಿಗೆ ಉಳಿಯುತ್ತದೆ, ಅಷ್ಟೆ. ವೇತನ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಶಾಖೆ ಮುಚ್ಚುವ ಷರತ್ತುಗಳನ್ನೂ ಬರೆಸಿಕೊಳ್ಳಬೇಕು, ಅದರಲ್ಲೂ ವರ್ಗಾವಣೆಯದ್ದು. ಮಕ್ಕಳ ಶಾಲೆ, ವಯಸ್ಸಾದ ಅತ್ತೆಮಾವಂದಿರನ್ನು ಬಿಟ್ಟು ಹೊರಡಲಾಗದ ಕ್ಯಾಷಿಯರ್ ಕೈಗೆ ದೂರದ ಜಿಲ್ಲೆಯ ಆದೇಶ ಕೊಟ್ಟು, ‘ವಾರದೊಳಗೆ ಹಾಜರಾಗಿ’ ಎಂದರೆ ಆಕೆ ರಾಜೀನಾಮೆ ಬರೆಯದೆ ಇನ್ನೇನು ಮಾಡಿಯಾಳು? ರಾಜೀನಾಮೆಯಾದರೆ, ಮುಚ್ಚುವಿಕೆಯಿಂದ ಕೆಲಸ ಹೋದವರಿಗೆ ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದಂತೆ ಸಿಗಬೇಕಾದ ಪರಿಹಾರವೂ ಕೈತಪ್ಪುತ್ತದೆ.

ಮುನ್ಸೂಚನೆಯ ವಿಷಯದಲ್ಲಿ ಶಾಖೆಯ ತಲೆ ಎಣಿಸದೆ ಕಂಪನಿಯ ಒಟ್ಟು ನೌಕರರನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಕಾರ್ಮಿಕ ಸಚಿವಾಲಯ ಸ್ಪಷ್ಟ ಆದೇಶ ಹೊರಡಿಸಲಿ, ಠೇವಣಿದಾರರಿಗೆ ಪ್ರಕಟಣೆ ಹೋಗುವ ದಿನವೇ ನೌಕರರಿಗೂ ಲಿಖಿತ ನೋಟಿಸ್ ಸಿಗುವಂತೆ ನಿಯಮ ಮಾಡಲಿ.

ಇತಿ,
ಒಬ್ಬ ಓದುಗ