ಬಿಲ್ಲಿನಲ್ಲಿ ಆದ ಕೆಲಸ ಜೀಪಿನಲ್ಲಿ ಆಗಿಲ್ಲ: ಸರ್ವಿಸ್ ಕೇಂದ್ರಕ್ಕೊಂದು ದೂರು ಪತ್ರ

ನಾಪೋಕ್ಲು, ಕೊಡಗು
ದಿನಾಂಕ: 19 ಮೇ 2025

ಇವರಿಗೆ,
ವ್ಯವಸ್ಥಾಪಕರು,
ವಾಹನ ಸರ್ವಿಸ್ ಕೇಂದ್ರ,
ಕೊಡಗು ಜಿಲ್ಲೆ

ವಿಷಯ: ಹಳೆಯ ಜಿಪ್ಸಿಯ ಬಾಕಿ ನಿರ್ವಹಣೆ ಕೆಲಸಗಳನ್ನು ಮಾಡದೆಯೇ ಹಣ ಪಡೆದಿರುವ ಬಗ್ಗೆ.

ಮಾನ್ಯರೇ,

ಏಪ್ರಿಲ್ 21ರಂದು ನನ್ನ 2006ರ ಮಾರುತಿ ಜಿಪ್ಸಿಯನ್ನು ನಿಮ್ಮ ಕೇಂದ್ರದಲ್ಲಿ ಬಿಟ್ಟೆ. 29ರಂದು 38,640 ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದೆ. ಮೇ 11ರಂದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುತ್ತಿದ್ದಾಗ, ಜೋಡುಪಾಲದ ಹತ್ತಿರ, ಅದರ ಬ್ರೇಕ್ ಪೆಡಲ್ ಮೆತ್ತಗಾಗಿ ತಳದವರೆಗೂ ಇಳಿದುಹೋಯಿತು. ಸುಳ್ಯದಲ್ಲಿ ವೈದ್ಯರಿಗೆ ತೋರಿಸಲೆಂದು ಕರೆದೊಯ್ಯುತ್ತಿದ್ದ ನನ್ನ ತಾಯಿ ಹಿಂದಿನ ಸೀಟಿನಲ್ಲಿದ್ದರು. ನಾನು ಈ ಪತ್ರ ಬರೆಯುವಷ್ಟಕ್ಕೆ ಉಳಿದಿರುವುದು, ಅಷ್ಟು ಹೊತ್ತಿಗಾಗಲೇ ಎರಡನೇ ಗೇರಿನಲ್ಲಿ ಇಳಿಯುತ್ತಿದ್ದುದರಿಂದ ಮತ್ತು ಎಡಬದಿಯಲ್ಲಿ ಜೀಪನ್ನು ಒರಗಿಸಲು ಒಂದು ಮಣ್ಣಿನ ದಿಬ್ಬ ಸಿಕ್ಕಿದ್ದರಿಂದ.

ಇದನ್ನು ಆಕಸ್ಮಿಕವೆಂದು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಈ ಜೀಪನ್ನು ಕಳೆದ ಜನವರಿಯಲ್ಲಿ ಸಕಲೇಶಪುರದ ಕಡೆಯಿಂದ ಕೊಂಡೆ. ಮೀಟರಿನಲ್ಲಿ 92,000 ಕಿಲೋಮೀಟರ್ ಇತ್ತು, ಸರ್ವಿಸ್ ಪುಸ್ತಕ ಇರಲಿಲ್ಲ. ಯಾವ ಎಣ್ಣೆಯನ್ನು ಯಾವ ವರ್ಷ ಹಾಕಿದ್ದೆಂದು ಹೇಳುವವರೂ ಇರಲಿಲ್ಲ. ಇಂಥ ಗಾಡಿಯಲ್ಲಿ ಏನೂ ಆಗಿಲ್ಲ ಎಂದೇ ಭಾವಿಸಿ, ಎಲ್ಲವನ್ನೂ ಹೊಸದಾಗಿ ಮಾಡಿಸಿ, ಅಂದಿನಿಂದ ಲೆಕ್ಕ ಬರೆದಿಡುವುದು ಸರಿಯಾದ ಕ್ರಮ. ಮನೆಯಿಂದ ಕಾರ್ಮಿಕರು ವಾಸಿಸುವ ಲೈನ್ ಮನೆಗಳಿಗೆ ಹೋಗಲು ನಮಗೆ ಎರಡು ಕೊಲ್ಲಿ (ತೊರೆ) ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಬೇರಾವ ವಾಹನವೂ ಹೋಗುವುದಿಲ್ಲ. ರಾತ್ರಿ ಹೊತ್ತು ಕಾರ್ಮಿಕರ ಮಗುವಿಗೆ ಜ್ವರ ಬಂದರೂ ಈ ಜೀಪೇ ಹೋಗಬೇಕು. ಕೆಟ್ಟ ಮೇಲೆ ರಿಪೇರಿ ಮಾಡಿಸುವಷ್ಟು ವ್ಯವಧಾನ ಮಳೆಗಾಲ ಕೊಡುವುದಿಲ್ಲವಾದ್ದರಿಂದ, ಕೆಡುವ ಮೊದಲೇ ಮಾಡಿಸಲೆಂದು ನಿಮ್ಮಲ್ಲಿಗೆ ಬಂದೆ. ಹೂಮಳೆ ಮುಗಿದು ತೋಟದ ಕೆಲಸ ತುಸು ಕಡಿಮೆಯಾಗುವ ಏಪ್ರಿಲನ್ನು ಅದಕ್ಕೆಂದೇ ಆರಿಸಿಕೊಂಡೆ.

ಇದನ್ನೆಲ್ಲ ನಿಮ್ಮ ಸೂಪರ್‌ವೈಸರ್ ಅವರಿಗೆ ವಿವರಿಸಿದ್ದೆ. ಅವರೂ ತಾಳ್ಮೆಯಿಂದ ಕೇಳಿ ಜಾಬ್ ಕಾರ್ಡಿನಲ್ಲಿ ಬರೆದುಕೊಂಡರು: ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳು, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಹಿಂದು ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಾಗೂ ಹಿಂದು ಮುಂದಿನ ಎರಡು ಹೌಸಿಂಗ್‌ಗಳ (ಚಕ್ರಗಳ ನಡುವಿನ ಗೇರುಗಳ ಕವಚಗಳ) ಎಣ್ಣೆ ಬದಲಾವಣೆ, ಬ್ರೇಕ್ ಆಯಿಲ್ ಪೂರ್ತಿ ಬದಲಾವಣೆ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಹಲ್ಲುಳ್ಳ ರಬ್ಬರ್ ಪಟ್ಟಿ) ಬದಲಾವಣೆ, ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ (ಚಕ್ರಗಳತ್ತ ಬಲ ಒಯ್ಯುವ ತಿರುಗುವ ದಂಡಗಳಿಗೆ) ಗ್ರೀಸ್. ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಬೇಕೆಂದು ಸೂಚಿಸಿದವರೂ ಅವರೇ. ನಾನು ಒಪ್ಪಿದೆ. ಬಿಲ್ಲಿನಲ್ಲಿ ಪ್ರತಿಯೊಂದರ ಮುಂದೆಯೂ ‘ಮಾಡಲಾಗಿದೆ’ ಎಂಬ ಗುರುತಿದೆ.

ಜೋಡುಪಾಲದಲ್ಲಿ ಜೀಪು ಅರ್ಧ ಗಂಟೆ ನಿಂತ ಮೇಲೆ ಪೆಡಲ್ ತಾನಾಗಿಯೇ ಗಟ್ಟಿಯಾಯಿತು. ಇಳಿಯುವ ಧೈರ್ಯ ಬರಲಿಲ್ಲ. ತಾಯಿಯನ್ನು ಬಸ್ಸಿನಲ್ಲಿ ಕಳುಹಿಸಿ, ನಾನು ಮೊದಲನೇ ಗೇರಿನಲ್ಲಿ ಮಡಿಕೇರಿಗೆ ಮರಳಿ ಹತ್ತಿದೆ. ಬಿಸಿಯಾದಾಗ ಮೆತ್ತಗಾಗಿ, ತಣಿದಾಗ ಸರಿಹೋಗುವ ಪೆಡಲ್ ಏನು ಹೇಳುತ್ತದೆಂದು ನಿಮಗೆ ನಾನು ತಿಳಿಸಬೇಕಾಗಿಲ್ಲ, ಆದರೂ ದಾಖಲೆಗಾಗಿ ಬರೆಯುತ್ತೇನೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯ ಸುದೀರ್ಘ ಇಳಿಜಾರಿನಲ್ಲಿ ಡಿಸ್ಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಆವಿಯನ್ನು ಎಷ್ಟು ಒತ್ತಿದರೂ ಚಕ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆನ್ನುವುದು ಇದೇ ಕಾರಣಕ್ಕೆ. ನಾಲ್ಕು ತಿಂಗಳು ಮನೆಯ ಗೋಡೆಗಳೂ ಬೆವರುವ ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತೆಯೇ ಇಲ್ಲ.

ಮರುದಿನ ನಾಪೋಕ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಜೀಪನ್ನು ಒಯ್ದೆ. ಚಕ್ರಗಳ ಬಳಿ ಹಳೆಯ ಬ್ರೇಕ್ ಆಯಿಲನ್ನು ಹೊರಬಿಡಲು ಇರುವ ಬ್ಲೀಡಿಂಗ್ ನಿಪ್ಪಲ್‌ನಿಂದ ಹೊರಬಂದದ್ದು ಕಪ್ಪು ಕಷಾಯದಂತಹ ದ್ರವ. ಮೇಲಿನ ಡಬ್ಬಿಯಲ್ಲಿ ಮಾತ್ರ ಹೊಸ ಆಯಿಲ್ ಇತ್ತು. ನಿಮ್ಮ ಬಿಲ್ಲನ್ನೇ ನೋಡಿ: ಬ್ರೇಕ್ ಆಯಿಲ್ 250 ಮಿಲಿಲೀಟರ್. ಅಷ್ಟರಲ್ಲಿ ಇಡೀ ವ್ಯವಸ್ಥೆಯನ್ನು ತೊಳೆದು ಬದಲಿಸಲು ಯಾರಿಗೂ ಸಾಧ್ಯವಿಲ್ಲ. ಅದು ಡಬ್ಬಿ ತುಂಬಿಸಿದ ಲೆಕ್ಕ.

ಗೇರ್ ಆಯಿಲ್ ವಿಷಯದಲ್ಲೂ ಬಿಲ್ಲೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಹೌಸಿಂಗ್‌ಗಳಿಗೆ ಒಟ್ಟು ಐದು ಲೀಟರಿಗೂ ಹೆಚ್ಚು ಎಣ್ಣೆ ಬೇಕು. ನೀವು ಹಾಕಿರುವ ಲೆಕ್ಕ ಎರಡು ಲೀಟರ್. ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ನೋಡಿದೆವು, ಅಲ್ಲಿ ಹೊಸ ಎಣ್ಣೆಯೇ ಇದೆ. ಅಲ್ಲಿಗೆ ಎರಡು ಲೀಟರ್ ಮುಗಿಯಿತು. ಹಿಂದಿನ ಹೌಸಿಂಗ್‌ನಿಂದ ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆ, ಅಂದರೆ ನೀರು ಸೇರಿದ್ದು. ಓಡಿ ಬಿಸಿಯಾದ ಹೌಸಿಂಗ್ ಕೊಲ್ಲಿಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡಲು ಇರುವ ಬ್ರೀದರ್ ಕಟ್ಟಿಕೊಂಡಿದ್ದರೆ ಅದು ಸೀಲುಗಳ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ದಿನವೂ ನೀರಿಗಿಳಿಯುವ ಗಾಡಿ ಇದು, ಬ್ರೀದರ್ ನೋಡಿ ಎಂದು ನಾನು ಬಾಯಿ ಬಿಟ್ಟು ಹೇಳಿದ್ದೆ. ಆ ಬ್ರೀದರ್ ಮೇಲೆ ನಿಮ್ಮವರು ಕಪ್ಪು ಕೋಟಿಂಗ್ ಹೊಡೆದು ಪೂರ್ತಿ ಮುಚ್ಚಿಬಿಟ್ಟಿದ್ದಾರೆ.

ಆ ಕೋಟಿಂಗ್ ಬಗ್ಗೆ ಹೇಳಲೇಬೇಕು, ಏಕೆಂದರೆ ನನಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ಅದರ ಮೇಲೆ. ಹಣ ಕೊಟ್ಟು ಜೀಪನ್ನು ಬಿಡಿಸಿಕೊಂಡ ದಿನ ಕೆಳಗೆ ಬಗ್ಗಿ ನೋಡಿ, ಎಷ್ಟು ಅಚ್ಚುಕಟ್ಟು ಎಂದು ಸಂತೋಷಪಟ್ಟಿದ್ದೆ. ಮೆಕ್ಯಾನಿಕ್ ಹಿಂದಿನ ಹೌಸಿಂಗ್‌ನ ಎಣ್ಣೆ ತುಂಬುವ ಬೋಲ್ಟಿನ ಮೇಲೆ ಸ್ಕ್ರೂಡ್ರೈವರ್ ಆಡಿಸಿದಾಗ ಕಪ್ಪು ಪದರ ಕಳಚಿ, ಅದರಡಿಯಿಂದ ನನ್ನ ತೋಟದ ಕೆಂಪು ಮಣ್ಣು ಉದುರಿತು. ಆ ಬೋಲ್ಟಿಗೆ ಸ್ಪ್ಯಾನರ್ ತಾಗಿಯೇ ಇಲ್ಲ. ಮೂರು ಪ್ರೊಪೆಲ್ಲರ್ ಶಾಫ್ಟ್‌ಗಳ ಗ್ರೀಸ್ ನಿಪ್ಪಲ್‌ಗಳೂ ಮಣ್ಣಿನ ಸಮೇತ ಅದೇ ಬಣ್ಣದಡಿ ಹೂತಿದ್ದವು. ಚಾಸಿಸ್‌ನ ಹಿಂಬದಿಯಲ್ಲಿ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಹೊಡೆದಿದ್ದಾರೆ, ಈಗ ತುಕ್ಕು ಒಳಗೊಳಗೇ ಬೆಳೆಯುತ್ತದೆ, ಹೊರಗೆ ಕಾಣುವುದಿಲ್ಲ. ತುಕ್ಕು ತಡೆಯಲೆಂದು ನಾನು ಕೊಟ್ಟ 6,500 ರೂಪಾಯಿ, ತುಕ್ಕನ್ನೂ ಮಾಡದ ಕೆಲಸವನ್ನೂ ನನ್ನ ಕಣ್ಣಿನಿಂದ ಮರೆಮಾಡಲು ಬಳಕೆಯಾಗಿದೆ.

ಟೈಮಿಂಗ್ ಬೆಲ್ಟಿನ ಹಳೆಯ ತುಂಡನ್ನು ಕೇಳಿದಾಗ ‘ಎಸೆದುಬಿಟ್ಟೆವು’ ಎಂದಿದ್ದರು. ಕವರ್ ತೆಗೆದಾಗ ಅದು ಅಲ್ಲೇ ಇತ್ತು. ಅಕ್ಷರಗಳು ಅಳಿಸಿ, ಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟಿತ್ತು. ಕಿಲೋಮೀಟರ್ ಎಷ್ಟೇ ಇರಲಿ, ವಯಸ್ಸಾದ ರಬ್ಬರ್ ಸಾಯುತ್ತದೆ. ಅದು ಕೊಲ್ಲಿಯ ನಡುವೆ ಹರಿದಿದ್ದರೆ ಎಂಜಿನ್ ಅಲ್ಲೇ ನಿಲ್ಲುತ್ತಿತ್ತು. ಸ್ಟೆಪ್ನಿಯನ್ನೂ ಪರೀಕ್ಷಿಸಿದ್ದಾಗಿ ಬರೆದಿದ್ದೀರಿ. ಅದರ ಅಂಚಿನಲ್ಲಿ 0611 ಎಂದಿದೆ, ಎಂದರೆ 2011ರ ಆರನೇ ವಾರದಲ್ಲಿ ತಯಾರಾದದ್ದು. ನೋಡಿದವರು ಹೇಳದೆ ಇರುತ್ತಿರಲಿಲ್ಲ.

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ನಿಜವಾಗಿಯೂ ಬದಲಾಗಿವೆ. ಬಾನೆಟ್ ಎತ್ತಿದರೆ ಕಾಣುವುದೆಲ್ಲವೂ ಹೊಸದು. ಗೇರ್ ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎಣ್ಣೆ ಬಿಟ್ಟರೆ, ಕಾಣದ ಜಾಗದಲ್ಲಿ ಮಾತ್ರ ಏನೂ ಆಗಿಲ್ಲ. ಕೈ ತಪ್ಪಿ ಒಂದು ಕೆಲಸ ಬಿಟ್ಟುಹೋಗಿದ್ದರೆ ನಾನು ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಮುರಿದ ಭಾಗವನ್ನು ಸರಿಮಾಡದಿದ್ದರೆ ಗ್ರಾಹಕನಿಗೆ ಅಂದೇ ತಿಳಿಯುತ್ತದೆ. ಮುನ್ನೆಚ್ಚರಿಕೆಯ ಕೆಲಸ ಹಾಗಲ್ಲ, ಮಾಡಿದರೂ ಮಾಡದಿದ್ದರೂ ಗಾಡಿ ಅಂದು ಒಂದೇ ರೀತಿ ಓಡುತ್ತದೆ. ಹಣ ಕೊಡುವವನಿಗೆ ನಿಮ್ಮ ಮಾತೊಂದೇ ಆಧಾರ. ಆ ನಂಬಿಕೆಯ ಮೇಲೆಯೇ ನಾನು ತಾಯಿಯನ್ನು ಕೂರಿಸಿಕೊಂಡು ಘಾಟಿ ಇಳಿದೆ.

ಮೇ 13ರಂದು ಕರೆ ಮಾಡಿದಾಗ ‘ಹಳೆಯ ಗಾಡಿ ಸಾರ್, ಇದೆಲ್ಲ ಸಹಜ’ ಎಂಬ ಉತ್ತರ ಸಿಕ್ಕಿತು. ಗಾಡಿ ಹಳೆಯದೆಂದು ಗೊತ್ತಿದ್ದುದರಿಂದಲೇ ನಾನು ನಿಮ್ಮಲ್ಲಿಗೆ ಬಂದದ್ದು. ಆ ಮಾತನ್ನು ನೀವು ಹಿಂತೆಗೆದುಕೊಳ್ಳಬೇಕು.

ಟೈಮಿಂಗ್ ಬೆಲ್ಟ್ 6,200, ಹೌಸಿಂಗ್‌ಗಳ ಕೂಲಿ 1,200, ಬ್ರೇಕ್ ಕೆಲಸ 1,650, ಗ್ರೀಸ್ 850, ಕೋಟಿಂಗ್ 6,500, ಆ ಕೋಟಿಂಗ್ ಕೆರೆದು ತೆಗೆಸಲು ನಾಪೋಕ್ಲಿನಲ್ಲಿ ಕೊಟ್ಟ 2,600, ಒಟ್ಟು 19,000 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನಗಳಲ್ಲಿ ಹಿಂದಿರುಗಿಸಬೇಕು. ಅಲ್ಲಿ ಮತ್ತೆ ಮಾಡಿಸಿದ ಎಣ್ಣೆ, ಬೆಲ್ಟಿನ ಖರ್ಚನ್ನು ಕೇಳುತ್ತಿಲ್ಲ, ಅದು ಹೇಗೂ ನಾನು ಒಮ್ಮೆ ಕೊಡಬೇಕಾದದ್ದೇ.

ಹಣಕ್ಕಿಂತ ಮುಖ್ಯವಾದ ಬೇಡಿಕೆ ಇನ್ನೊಂದಿದೆ. ನನ್ನ ಜೀಪು ನಿಮ್ಮ ಅಂಗಳದಲ್ಲಿದ್ದ ವಾರದಲ್ಲಿ ಇನ್ನೂ ಮೂರು ಜೀಪುಗಳು ಅದೇ ಕೋಟಿಂಗಿಗೆ ಕಾದು ನಿಂತಿದ್ದವು. ಅವುಗಳಲ್ಲೊಂದು ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸಿ ಇಳಿಸುವ ಜೀಪು. ಅವುಗಳ ಬ್ರೇಕ್ ಆಯಿಲ್ ಬದಲಾಗಿದೆಯೇ? ಮಳೆ ಹಿಡಿಯುವ ಮೊದಲು ಆ ಮೂವರು ಮಾಲೀಕರನ್ನೂ ಕರೆಸಿ, ಅವರ ಕಣ್ಣೆದುರಿನಲ್ಲೇ ಬ್ಲೀಡಿಂಗ್ ನಿಪ್ಪಲ್ ಬಿಚ್ಚಿ ತೋರಿಸಿ. ತೋರಿಸಿದ್ದನ್ನು ನನಗೂ ಬರೆದು ತಿಳಿಸಿ. ಈ ವಿಷಯದಲ್ಲಿ ನಾನು 15 ದಿನ ಕಾಯಲು ಸಿದ್ಧನಿಲ್ಲ, ಒಂದು ವಾರದೊಳಗೆ ಆಗಬೇಕು.

ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಇದಕ್ಕೆ ಎರಡು ವರ್ಷದ ಕಾಲಾವಕಾಶವಿದೆ, ವಕೀಲರಿಲ್ಲದೆಯೂ ವಾದಿಸಬಹುದು.

ಜಾಬ್ ಕಾರ್ಡ್ ಮತ್ತು ಬಿಲ್ಲಿನ ನಕಲು, ಕೋಟಿಂಗ್ ಕೆರೆಯುವ ಮೊದಲು ಹಾಗೂ ನಂತರ ತೆಗೆದ ಫೋಟೋಗಳು, ಮೆಕ್ಯಾನಿಕ್ ಅವರ ಸಹಿಯುಳ್ಳ ವಿವರಣೆ ಈ ಪತ್ರದ ಜೊತೆಗಿವೆ. ಹಳೆಯ ಟೈಮಿಂಗ್ ಬೆಲ್ಟ್, ಹಿಂದಿನ ಹೌಸಿಂಗ್‌ನ ಎಣ್ಣೆ ಮತ್ತು ಹಳೆಯ ಬ್ರೇಕ್ ಆಯಿಲ್ ಇರುವ ಎರಡು ಬಾಟಲಿಗಳು ನನ್ನ ಮನೆಯಲ್ಲಿವೆ. ಭಾನುವಾರದ ಹೊರತು ಯಾವ ದಿನ ಬಂದರೂ ತೋರಿಸುತ್ತೇನೆ.

ಇಂತಿ,
ಜಿಪ್ಸಿಯ ಮಾಲೀಕ, ಕಾಫಿ ಬೆಳೆಗಾರ
ನಾಪೋಕ್ಲು