ಸ್ಕೋರ್ ಒಂದೇ, ಬಡ್ಡಿ ಬೇರೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮನೆ ಕೊಳ್ಳುವ ಕನ್ನಡಿಗರ ಕುರಿತ ನಿಮ್ಮ ಲೇಖನದಲ್ಲಿ, ಕ್ರೆಡಿಟ್ ಸ್ಕೋರ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಚೆನ್ನಾಗಿದ್ದರೆ ಅಲ್ಲಿ ಜನಾಂಗದ ಪ್ರಶ್ನೆಯೇ ಬರುವುದಿಲ್ಲ ಎಂದಿದೆ. ಕಾನೂನಿನಲ್ಲಿ ಹಾಗೆ ಇರುವುದು ನಿಜ. ವ್ಯವಹಾರ ಬೇರೆ.

1930ರ ದಶಕದಲ್ಲಿ ಸರ್ಕಾರದ್ದೇ ಸಂಸ್ಥೆಯೊಂದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ, ಕಪ್ಪುವರ್ಣೀಯರಿದ್ದ ಬಡಾವಣೆಗಳಿಗೆ ಬಹುತೇಕ ಕೆಂಪು ಬಣ್ಣ, ಅಂದರೆ ಸಾಲ ಕೊಡುವುದು ಅಪಾಯ ಎಂಬ ಗುರುತು, ಬಳಿಸಿತು. ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದೆಂಬ ಷರತ್ತು ಎಷ್ಟೋ ಕ್ರಯಪತ್ರಗಳಲ್ಲಿತ್ತು. ಪೌರತ್ವ ಕೇಳಿದ್ದ ಭಾರತೀಯ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ನಾವೂ ಬಿಳಿಯರಲ್ಲ! ಅಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ತೀರ್ಮಾನವಾದದ್ದು 1948ರಲ್ಲಿ. ವಸತಿಯಲ್ಲಿ ಜನಾಂಗ ತಾರತಮ್ಯ ಕಾನೂನುಬಾಹಿರವಾದದ್ದು 1968ರಲ್ಲಿ; ಸಾಲದಲ್ಲಿ ತಾರತಮ್ಯ ತಡೆಯುವ 1974ರ ಕಾನೂನಿಗೆ ಜನಾಂಗ ಸೇರಿದ್ದು 1976ರಲ್ಲಿ.

ಆಮೇಲೆ ತಾರತಮ್ಯ ಅರ್ಜಿ ತಿರಸ್ಕಾರದಿಂದ ಬಡ್ಡಿ, ಶುಲ್ಕಗಳ ಕಡೆಗೆ ಸರಿಯಿತು. ಬ್ಯಾಂಕಿನ ದರಪಟ್ಟಿಯ ಮೇಲೆ ತುಸು ಹೆಚ್ಚು ಹಾಕುವ ಸ್ವಾತಂತ್ರ್ಯ ಸಾಲ ಮಾಡಿಸುವವರಿಗಿತ್ತು. ಹೆಚ್ಚು ಹಾಕಿದಷ್ಟೂ ಕಮಿಷನ್ ಹೆಚ್ಚು. ಯಾರೂ ಜನಾಂಗದ ಹೆಸರೆತ್ತಬೇಕಾಗಿರಲಿಲ್ಲ; ಚೌಕಾಸಿ ಮಾಡಲು ಗೊತ್ತಿಲ್ಲದವರು, ಬೇರೆ ಬ್ಯಾಂಕ್ ಹತ್ತಿರದಲ್ಲಿ ಇಲ್ಲದವರು ಹೆಚ್ಚು ತೆತ್ತರು. 2 ಲಕ್ಷಕ್ಕೂ ಹೆಚ್ಚು ಕಪ್ಪುವರ್ಣೀಯ ಮತ್ತು ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ) ಸಾಲಗಾರರಿಗೆ ಹೀಗೆ ಅನ್ಯಾಯವಾಗಿದೆ ಎಂಬ ಆರೋಪದ ಮೇಲೆ ಕಂಟ್ರಿವೈಡ್ ಎಂಬ ಗೃಹಸಾಲ ಸಂಸ್ಥೆಯ ಪ್ರಕರಣ 2011ರಲ್ಲಿ 33.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಬಡ್ಡಿ ಏರಿಸಿ ಕಮಿಷನ್ ಪಡೆಯುವುದನ್ನು ಅದೇ ವರ್ಷ ನಿಷೇಧಿಸಿದರು. ಆದರೂ ಇಂಥವರೇ ಹೆಚ್ಚಿರುವ ಬಡಾವಣೆಗಳನ್ನು ಗೃಹಸಾಲದಿಂದ ದೂರವಿಟ್ಟ ಆರೋಪದ ಮೇಲೆ ಲಾಸ್ ಏಂಜಲೀಸ್‌ನ ಸಿಟಿ ನ್ಯಾಷನಲ್ ಬ್ಯಾಂಕ್ 2023ರಲ್ಲಿ 3.1 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು.

ಕಾಲು ಪರ್ಸೆಂಟ್ ಏನು ಮಹಾ ಅನ್ನುವವರು ಲೆಕ್ಕ ಹಾಕಲಿ. 4 ಲಕ್ಷ ಡಾಲರ್, 30 ವರ್ಷದ ಸಾಲಕ್ಕೆ 6.5ರ ಬದಲು 6.75 ಬಡ್ಡಿಯಾದರೆ ತಿಂಗಳ ಕಂತು ಸುಮಾರು 66 ಡಾಲರ್ ಏರುತ್ತದೆ. ಪೂರ್ತಿ ಅವಧಿಗೆ 23,800 ಡಾಲರ್.

ಮನೆಯ ಮೌಲ್ಯಮಾಪನದಲ್ಲೂ ಪೆಟ್ಟು ಬೀಳುತ್ತದೆ. ಮಾತಾದ ಬೆಲೆ 4 ಲಕ್ಷ, ಮೌಲ್ಯಮಾಪಕ ಬರೆದದ್ದು 3.7 ಲಕ್ಷ ಎಂದಿಟ್ಟುಕೊಳ್ಳಿ. ಬ್ಯಾಂಕ್ ಶೇ 80 ಕೊಡುವುದು ಕಡಿಮೆ ಮೊತ್ತದ ಮೇಲೆ, ಹಾಗಾಗಿ ಕೈಯಿಂದ ಇನ್ನೂ 24,000 ಹಾಕಬೇಕು. ಹೋಲಿಕೆಗೆ ಯಾವ ಮನೆಗಳ ಮಾರಾಟ ಆರಿಸಿಕೊಂಡಿದ್ದಾರೆ ಎಂಬುದರಲ್ಲೇ ಎಡವಟ್ಟು ಇರುತ್ತದೆ. ವರದಿಯ ಪ್ರತಿಯನ್ನು ಬ್ಯಾಂಕ್ ಉಚಿತವಾಗಿ, ಸಾಮಾನ್ಯವಾಗಿ ಕ್ಲೋಸಿಂಗ್‌ಗೆ (ಸಾಲದ ಪತ್ರಗಳಿಗೆ ಸಹಿ ಹಾಕುವುದಕ್ಕೆ) 3 ಕೆಲಸದ ದಿನ ಮೊದಲೇ ಕೊಡಬೇಕು. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಹೆಚ್ಚು ಬೆಲೆಗೆ ಹೋದ ಮನೆಗಳ ವಿವರ ಕೊಟ್ಟು ಮರುಪರಿಶೀಲನೆ ಕೇಳಬಹುದು.

ನಮ್ಮವರು ಒಂದೇ ಬ್ಯಾಂಕಿಗೆ ಹೋಗಿ ಸುಮ್ಮನಾಗುವುದು ದೊಡ್ಡ ತಪ್ಪು. ಕನಿಷ್ಠ ಮೂರು ಕಡೆಯಿಂದ ಒಂದೇ ದಿನದ ಲೋನ್ ಎಸ್ಟಿಮೇಟ್ ಎಂಬ ಬಡ್ಡಿ-ಶುಲ್ಕಗಳ ಅಂದಾಜುಪತ್ರ ತರಿಸಿ (ದರ ದಿನವೂ ಬದಲಾಗುತ್ತದೆ), ಎರಡನೇ ಪುಟದ ‘ಎ’ ವಿಭಾಗದ ಶುಲ್ಕಗಳನ್ನು ಪಕ್ಕಪಕ್ಕ ಇಡಬೇಕು. ಗೃಹಸಾಲಕ್ಕಾಗಿ ಹಲವು ಬ್ಯಾಂಕುಗಳು ಕೆಲವೇ ದಿನಗಳ ಅಂತರದಲ್ಲಿ ನಿಮ್ಮ ಕ್ರೆಡಿಟ್ ದಾಖಲೆ ವಿಚಾರಿಸಿದರೆ ಸ್ಕೋರ್ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದೇ ವಿಚಾರಣೆ ಎನಿಸಿಕೊಳ್ಳುತ್ತದೆ.

ಅರ್ಜಿಯಲ್ಲಿನ ಜನಾಂಗದ ಕಾಲಂ ಖಾಲಿ ಬಿಡುವವರು ಅನೇಕರು. ಎದುರಿಗೆ ಕೂತು ಅರ್ಜಿ ಕೊಟ್ಟಿದ್ದರೆ ಮುಖ, ಅಡ್ಡಹೆಸರು ನೋಡಿ ಬ್ಯಾಂಕಿನವರೇ ತುಂಬಬೇಕೆಂಬ ನಿಯಮವಿದೆ. ತಾರತಮ್ಯ ಬಯಲಾಗುವುದು ಆ ಅಂಕಿಅಂಶಗಳಿಂದಲೇ. 2018ರಿಂದ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಆಯ್ಕೆಯೂ ಇದೆ, ತುಂಬುವುದೇ ಒಳ್ಳೆಯದು. ವೀಸಾ ಸ್ಥಿತಿ ಕೇಳುವುದು ಮಾತ್ರ ಕಾನೂನುಬದ್ಧ, ಅದನ್ನು ತಾರತಮ್ಯವೆಂದು ಎಣಿಸಬಾರದು.

ಬೇಕಾದ ವಿವರಗಳೆಲ್ಲ ಇರುವ ಅರ್ಜಿಯನ್ನು ತಿರಸ್ಕರಿಸಿದರೆ ಬ್ಯಾಂಕ್ 30 ದಿನದೊಳಗೆ ತಿಳಿಸಬೇಕು. ‘ನಮ್ಮ ಆಂತರಿಕ ನೀತಿಗೆ ಹೊಂದಲಿಲ್ಲ’ ಎಂಬುದು ಕಾರಣವೇ ಅಲ್ಲ. ನಿರ್ದಿಷ್ಟ ಕಾರಣ ಪತ್ರದಲ್ಲಿಲ್ಲದಿದ್ದರೆ 60 ದಿನದೊಳಗೆ ಕೇಳಬೇಕು. ಕೇಂದ್ರದ ವಸತಿ ಇಲಾಖೆಗೆ ದೂರು ಕೊಡಲು ಒಂದು ವರ್ಷ, ವಸತಿ ಕಾನೂನಿನಡಿ ಕೋರ್ಟಿಗೆ ಹೋಗಲು ಎರಡು ವರ್ಷ ಅವಕಾಶವಿದೆ.

– ಗೃಹಸಾಲ ಕ್ಷೇತ್ರದ ಓದುಗರು, ನ್ಯೂಜೆರ್ಸಿ