ಮಂದಿ ಇಲ್ಲದ ಕಾಳಗ

ಹ್ಯಾರಿ ಪಾಟರ್ ಕಥೆಯ ಕೊನೆಯ ಸಿನಿಮಾ 2011ರ ಜುಲೈನಲ್ಲಿ ತೆರೆಗೆ ಬಂದಾಗಲೇ ನನಗೆ ಹಿಡಿಸಿರಲಿಲ್ಲ. ಈ ಬೇಸಿಗೆಯಲ್ಲಿ ಕಲಬುರಗಿಗೆ ಹೋದಾಗ ಅಣ್ಣನ ಮನೆಯಲ್ಲಿ ಮಕ್ಕಳ ಜೊತೆ ಕೂತು ಅದನ್ನು ಮತ್ತೆ ನೋಡಿದೆ. ಯಾಕೆ ಹಿಡಿಸಲಿಲ್ಲ ಎನ್ನುವುದು ಆಗ ತಿಳಿಯಾಯಿತು.

ಕನ್ನಡ ಕೂಟದ ಸಂಪಾದಕೀಯದಲ್ಲಿ ಇಂಗ್ಲಿಷ್ ಕಥೆಯ ಮಾತೇಕೆ ಎಂದು ಹಿರಿಯರು ಕೇಳಬಹುದು. ಇಲ್ಲಿ ಬೆಳೆಯುವ ನಮ್ಮ ಮಕ್ಕಳು, ಊರಿನಲ್ಲಿರುವ ಅವರ ಅಕ್ಕ ತಂಗಿಯರು, ಎರಡೂ ಕಡೆಯವರು ಓದಿ ಮುಗಿಸಿದ ಪುಸ್ತಕಗಳು ಎಷ್ಟಿದ್ದಾವು? ಇದು ಅಂಥದ್ದು. ನನ್ನ ಮಗಳು ಕಲಬುರಗಿಗೆ ಹೋದರೆ ಮೊದಲೆರಡು ದಿನ ತುಟಿ ಪಿಟಕ್ಕೆನ್ನುವುದಿಲ್ಲ. ಅವಳ ಬಾಯಿ ಬಿಡಿಸಿದ್ದು ಈ ಕಥೆ. ಪಿಯುಸಿ ಓದುವ ಅಕ್ಕ ಏಳೂ ಪುಸ್ತಕ ಓದಿದ್ದಾಳೆ ಎಂದು ಗೊತ್ತಾದದ್ದೇ ತಡ, ಇಬ್ಬರ ಮಾತು ರಾತ್ರಿ ಊಟದ ಹೊತ್ತಿಗೂ ನಿಲ್ಲಲಿಲ್ಲ. ಅದೂ ಕಲಬುರಗಿ ಕನ್ನಡದಲ್ಲಿ.

ಪುಸ್ತಕ ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ. ಮುಂದಿನದೆಲ್ಲ ಕಥೆಯ ಕೊನೆಯ ಬಗ್ಗೆಯೇ.

ಜೆ.ಕೆ. ರೌಲಿಂಗ್ ಅವರ ಏಳನೆಯ ಪುಸ್ತಕ ಬಂದದ್ದು 2007ರ ಜುಲೈ 21ರಂದು. ಅದರ ಕಟ್ಟಕಡೆಯ ಕಾಳಗ ನಡೆಯುವುದು ಮಂತ್ರವಿದ್ಯೆ ಕಲಿಸುವ ಹಾಗ್ವಾರ್ಟ್ಸ್ ಶಾಲೆಯ ದೊಡ್ಡ ಸಭಾಂಗಣದಲ್ಲಿ. ಸತ್ತವರ ಹೆಣಗಳನ್ನು ರಾತ್ರಿ ಸಾಲಾಗಿ ಮಲಗಿಸಿದ್ದು ಅಲ್ಲೇ. ಬೆಳಗಾಗುವ ಹೊತ್ತು. ಬದುಕಿ ಉಳಿದ ವಿದ್ಯಾರ್ಥಿಗಳು, ಶಿಕ್ಷಕರು, ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಗೋಡೆಗುಂಟ ನಿಂತಿದ್ದಾರೆ. ನಡುವೆ ಹ್ಯಾರಿ ಮತ್ತು ಅವನ ವೈರಿ, ದುಷ್ಟ ಮಾಂತ್ರಿಕ ವೊಲ್ಡೆಮೊರ್ಟ್ ಒಬ್ಬರನ್ನೊಬ್ಬರು ನೋಡುತ್ತ ಸುತ್ತು ಹಾಕುತ್ತಾರೆ. ಯಾರೂ ಸಹಾಯಕ್ಕೆ ಬರಬೇಡಿ ಎಂದು ಹ್ಯಾರಿ ಮೊದಲೇ ಹೇಳಿದ್ದಾನೆ. ಆಮೇಲೆ ನಡೆಯುವುದು ಬಹುಪಾಲು ಮಾತು.

ಎಂಥ ಮಾತು ಅದು! ಹೆಸರು ಕೇಳಿದರೆ ಊರೆಲ್ಲ ನಡುಗುವ ಮನುಷ್ಯನನ್ನು ಹುಡುಗ ಅವನ ಹುಟ್ಟುಹೆಸರು ಹಿಡಿದು ಟಾಮ್ ರಿಡಲ್ ಎಂದು ಕರೆಯುತ್ತಾನೆ. ಎಲ್ಲರೂ ದ್ರೋಹಿ ಎಂದು ಉಗುಳಿದ್ದ ಶಿಕ್ಷಕ ಸ್ನೇಪ್, ಹ್ಯಾರಿಯ ತಾಯಿ ಲಿಲಿಯ ಮೇಲಿನ ಪ್ರೀತಿಗಾಗಿ ಕೊನೆಯವರೆಗೂ ಶಾಲೆಯ ಮುಖ್ಯಸ್ಥನಾಗಿದ್ದ ಡಂಬಲ್‌ಡೋರ್‌ನ ಕಡೆಯವನೇ ಆಗಿದ್ದ ಎಂದು ತುಂಬಿದ ಸಭೆಯಲ್ಲಿ ಸಾರುತ್ತಾನೆ. ನಾನು ಇವರಿಗಾಗಿ ಸಾಯಲು ಒಪ್ಪಿ ಬಂದೆ, ಇನ್ನು ನಿನ್ನ ಮಂತ್ರ ಇವರನ್ನು ಕಟ್ಟಲಾರದು ಎನ್ನುತ್ತಾನೆ. ನಿನ್ನ ಕೈಯಲ್ಲಿರುವ ಅತಿ ಬಲಶಾಲಿ ಮಂತ್ರದಂಡ ಎಲ್ಡರ್ ವಾಂಡ್‌ಗೆ ನೀನು ಒಡೆಯನಲ್ಲ. ಡಂಬಲ್‌ಡೋರ್‌ನ ಕೈಯಿಂದ ಅದನ್ನು ಹಾರಿಸಿದವನು ನನ್ನ ಸಹಪಾಠಿ ಡ್ರೇಕೊ, ಡ್ರೇಕೊನ ಕೈಯಿಂದ ಅವನ ದಂಡ ಕಸಿದವನು ನಾನು ಎಂದು ಲೆಕ್ಕ ಬಿಡಿಸಿ ಇಡುತ್ತಾನೆ. ಇಷ್ಟೆಲ್ಲದರ ನಡುವೆ ವೈರಿಗೆ ಒಂದು ದಾರಿ ತೋರಿಸುತ್ತಾನೆ: ಈಗಲಾದರೂ ಪಶ್ಚಾತ್ತಾಪ ಪಡು. ತನ್ನ ತಂದೆತಾಯಿಯನ್ನು ಕೊಂದವನಿಗೆ ಹದಿನೇಳರ ಹುಡುಗ ಹೇಳುವ ಮಾತು ಇದು. ಅವನು ಕೇಳುವುದಿಲ್ಲ. ಕಿಟಕಿಯಲ್ಲಿ ಸೂರ್ಯನ ಅಂಚು ಕಾಣುತ್ತಿದ್ದಂತೆ ಅವನು ಕೊಲ್ಲುವ ಮಂತ್ರ ಕೂಗುತ್ತಾನೆ, ಹ್ಯಾರಿ ಕೈಯ ಆಯುಧ ಕಸಿಯುವ ಮಂತ್ರ ಕೂಗುತ್ತಾನೆ. ವೊಲ್ಡೆಮೊರ್ಟ್ ತನ್ನದೇ ಮಂತ್ರ ತಿರುಗಿ ಬಡಿದು ಬೀಳುತ್ತಾನೆ. ನೆಲದ ಮೇಲೆ ಉಳಿಯುವುದು ಒಂದು ಹೆಣ. ಸಾವನ್ನೇ ಗೆಲ್ಲಲು ಹೊರಟವನು ಎಲ್ಲರ ಹಾಗೆಯೇ ಸತ್ತ ಎಂಬುದನ್ನು ಅವನಿಂದ ನೊಂದವರೆಲ್ಲ ಕಣ್ಣಾರೆ ನೋಡುತ್ತಾರೆ.

ಡೇವಿಡ್ ಯೇಟ್ಸ್ ನಿರ್ದೇಶಿಸಿದ ಸಿನಿಮಾದಲ್ಲಿ ಈ ಸಭೆ ಇಲ್ಲ. ಇಬ್ಬರೂ ಕೋಟೆಯೊಳಗೆ ಅಟ್ಟಾಡಿ, ಗೋಪುರದಿಂದ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿದ್ದು, ಕಪ್ಪು ಹೊಗೆಯಾಗಿ ಹಾರಾಡಿ, ಕೊನೆಗೆ ಹಾಳುಬಿದ್ದ ಅಂಗಳದಲ್ಲಿ ಉರುಳುತ್ತಾರೆ. ದಂಡದಿಂದ ದಂಡಕ್ಕೆ ಬೆಳಕು ಹರಿಯುತ್ತದೆ. ವೊಲ್ಡೆಮೊರ್ಟ್ ಸುಟ್ಟ ಕಾಗದದ ಚೂರುಗಳಾಗಿ ಗಾಳಿಗೆ ಹಾರಿಹೋಗುತ್ತಾನೆ. ಸಾಮಾನ್ಯರ ಸಾವು ಬೇಡ ಎಂದು ಜೀವಮಾನವಿಡೀ ಹಟ ಹಿಡಿದವನಿಗೆ ಸಿನಿಮಾ ಅಸಾಮಾನ್ಯ ಸಾವನ್ನೇ ಕೊಟ್ಟು ಕಳಿಸಿತು. ದಂಡದ ಒಡೆತನದ ಮಾತನ್ನು ಹ್ಯಾರಿ ಆಮೇಲೆ ಸೇತುವೆಯ ಮೇಲೆ ನಿಂತು ಗೆಳೆಯರಾದ ರಾನ್‌ಗೂ ಹರ್ಮಾಯಿನಿಗೂ ಹೇಳುತ್ತಾನೆ, ಮದುವೆ ಮುಗಿದ ಮೇಲೆ ಅಕ್ಷತೆ ಹಂಚಿದ ಹಾಗೆ.

ಅಣ್ಣನ ಮಗಳು ಆ ಅಂಗಳ ನೋಡುತ್ತಲೇ ಕೇಳಿದಳು: "ಕಾಕಾ, ಮಂದಿ ಎಲ್ಲಾ ಎಲ್ಲಿ ಹೋದ್ರು?"

ಅವಳು ಹಾಗೆ ಕೇಳಿದ್ದಕ್ಕೆ ಹಿನ್ನೆಲೆ ಇದೆ. ಆ ವಾರವೆಲ್ಲ ಬಿಸಿಲಿಳಿದ ಮೇಲೆ ಮಾಳಿಗೆಗೆ ನೀರು ಚೆಲ್ಲಿ, ಶಹಾಬಾದ್ ಕಲ್ಲಿನ ಕಾವು ಆರಿದ ಕೂಡಲೇ ಇದೇ ಆಟ ನಡೆಯುತ್ತಿತ್ತು. ಹೊಲದಿಂದ ಒಲೆಗೆಂದು ತಂದಿಟ್ಟ ತೊಗರಿ ಕಟ್ಟಿಗೆಯಲ್ಲಿ ನೆಟ್ಟಗಿರುವುದನ್ನು ಆರಿಸಿ, ಸಿಪ್ಪೆ ಸುಲಿದು ಮಂತ್ರದಂಡ ಮಾಡಿಕೊಂಡಿದ್ದರು. ಓಣಿಯ ಸಣ್ಣ ಮಕ್ಕಳಿಗೆ ಕಥೆ ಗೊತ್ತಿಲ್ಲ. ಅವರಿಗೆ ನಿಲ್ಲುವ ಕೆಲಸ. "ಸುತ್ತ ನಿಂದರ್ರಿ, ಎಲ್ಲಾರೂ ನೋಡಬೇಕು, ಯಾರೂ ನಡಕ ಬರಬ್ಯಾಡ್ರಿ" ಎಂದು ಇವಳ ಅಪ್ಪಣೆ. ಅವಳ ಮಟ್ಟಿಗೆ ಸುತ್ತ ನಿಂತ ಮಂದಿಯೇ ಆ ಕಾಳಗದ ಅರ್ಧ. ಸಿನಿಮಾದಲ್ಲಿ ಅಂಗಳ ಬರಿದಾಗಿದ್ದುದನ್ನು ಕಂಡು ಅವಳಿಗೆ ಸಿಟ್ಟೇ ಬಂತು. "ಹಂಗಾದ್ರ ಸ್ನೇಪ್‌ನ ಮಾತು ಯಾರ ಮುಂದ ಹೇಳ್ತಾನ?" ಎಂದಳು. "ಯಾರ ಮುಂದೂ ಹೇಳಲ್ಲ ಅಕ್ಕಾ" ಎಂದಳು ನನ್ನ ಮಗಳು.

ಸಿನಿಮಾದ ದೊಡ್ಡ ಅನ್ಯಾಯ ಇದೇ ಎಂದು ನನಗೂ ಅನ್ನಿಸುತ್ತದೆ. ಸ್ನೇಪ್‌ನ ನೆನಪುಗಳ ಭಾಗವನ್ನು ಅವರು ಮನಸ್ಸು ತುಂಬಿ ತೆಗೆದಿದ್ದಾರೆ. ಅಲನ್ ರಿಕ್‌ಮನ್ ಅವರ ಆ ಅಭಿನಯಕ್ಕೆ ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ಆದರೆ ಅವನ ಹೆಸರಿಗೆ ಹತ್ತಿದ ಕಳಂಕವನ್ನು ಹತ್ತು ಮಂದಿಯೆದುರು ತೊಳೆಯುವ ಗಳಿಗೆ ಬಂದಾಗ ಹ್ಯಾರಿಯ ಬಾಯಿ ಕಟ್ಟಿಬಿಟ್ಟರು. ಆ ಶಾಲೆಯ ಮಂದಿಗೆ ಅವನು ದ್ರೋಹಿಯಾಗಿಯೇ ಉಳಿದ.

ಬದಲಾಯಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಡದವರು ಹಾಗೆ ಹೇಳಲೂ ಬಾರದು. ಪಂಪ ವ್ಯಾಸರ ಕಥೆಯನ್ನು ಕೈಗೆತ್ತಿಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ರನ್ನ ಇಡೀ ಭಾರತವನ್ನು ಕೊನೆಯ ದಿನದ ಗದಾಯುದ್ಧದೊಳಗೆ ತಂದು ನಿಲ್ಲಿಸಿದ. ಅವನಿಗೆ ಆಶ್ರಯ ಕೊಟ್ಟ ಚಾಲುಕ್ಯ ತೈಲಪ ಮೊದಲು ಆಳಿದ್ದು ಮಳಖೇಡದಿಂದ. ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಕಾಗಿಣಾ ದಂಡೆಯಲ್ಲಿ ಆ ಕೋಟೆಯ ಗೋಡೆಗಳು ಇಂದಿಗೂ ಕಾಣುತ್ತವೆ. ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ರನ್ನನ ಕಥೆ ಹೇಳಿದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಮೂದಲೆಯ ಮಾತಿಗೆ ನೀರೊಳಗಿದ್ದೂ ಬೆವರುತ್ತಾನೆ, ತಾಳಲಾರದೆ ಎದ್ದು ಬರುತ್ತಾನೆ. ಗದೆಗಿಂತ ಮೊದಲು ಕೆಲಸ ಮಾಡುವುದು ಮಾತು. ಕಾಳಗ ನಡೆಯುವುದೂ ಕೃಷ್ಣ, ಪಾಂಡವರು ನೋಡುತ್ತಿರುವಾಗ. ದುರ್ಯೋಧನನ ಬಾವುಟದಲ್ಲಿ ಹಾವಿತ್ತು ಎಂದಾಗ ಮಗಳು ಥಟ್ಟನೆ "ವೊಲ್ಡೆಮೊರ್ಟ್ ಹತ್ತಿರಾನೂ ಹಾವಿದೆ" ಎಂದಳು. ಎರಡು ಕಥೆಗಳನ್ನು ಜೋಡಿಸುವ ಕೆಲಸ ನನಗೆ ಉಳಿಯಲೇ ಇಲ್ಲ.

ನಮ್ಮ ಕಡೆಯ ದೊಡ್ಡಾಟದಲ್ಲೂ ಅಷ್ಟೇ. ಪಾತ್ರ ರಂಗಕ್ಕೆ ಬಂದರೆ ನೀವು ಯಾರು ಎಂದು ಸಾರಥಿ ಕೇಳುತ್ತಾನೆ; ಹೆಸರು, ಕುಲ, ಬಂದ ಕಾರಣ ಎಲ್ಲ ಸಭೆಗೆ ತಿಳಿಯಬೇಕು. ಇಬ್ಬರು ವೀರರು ಎದುರಾದರೆ ಪದ, ಮಾತು, ಸವಾಲು, ಜವಾಬು ಮುಗಿದ ಮೇಲೆಯೇ ಕುಣಿತ, ಹೊಡೆತ. ಇಡೀ ರಾತ್ರಿ ಮಂದಿ ಕೂತು ಕೇಳುತ್ತಾರೆ. ಹಾಗಾಗಿ ತೆರೆಯ ಮೇಲೆ ಅಷ್ಟು ಮಾತು ನಿಲ್ಲುವುದಿಲ್ಲ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಸಮಯ ಸಾಲಲಿಲ್ಲ ಎನ್ನುವಂತೆಯೂ ಇಲ್ಲ. ಒಂದು ಪುಸ್ತಕವನ್ನು ಎರಡು ಸಿನಿಮಾ ಮಾಡಿದರು. ಎರಡನೆಯದು 130 ನಿಮಿಷ, ಈ ಕಥೆಯ ಎಂಟು ಸಿನಿಮಾಗಳಲ್ಲೂ ಅತಿ ಚಿಕ್ಕದು. ಇನ್ನೊಂದು ಹತ್ತು ನಿಮಿಷ ಆ ಸಭಾಂಗಣಕ್ಕೆ ಕೊಟ್ಟಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ.

ಬಿಟ್ಟುಹೋದದ್ದು ಇನ್ನೂ ಬೇಕಾದಷ್ಟಿದೆ. ಡಂಬಲ್‌ಡೋರ್‌ನ ತಂಗಿಯ ಸಾವಿನ ಕಥೆ ಅರೆಬರೆ ಸೂಚನೆಗಳಲ್ಲೇ ಮುಗಿಯುತ್ತದೆ. ಫ್ರೆಡ್ ಸಾಯುವ ಗಳಿಗೆ ತೆರೆಯ ಮೇಲಿಲ್ಲ. ಮುರಿದ ತನ್ನ ದಂಡವನ್ನು ಹ್ಯಾರಿ ಸರಿಪಡಿಸಿಕೊಳ್ಳುವುದೂ ಇಲ್ಲ. ಆದರೆ ಕ್ರೀಚರ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೈದುಕೊಂಡು ತಿರುಗುತ್ತಿದ್ದ ಆ ಮುದಿ ಆಳು, ಸತ್ತ ಯಜಮಾನನ ಸರವನ್ನು ಹ್ಯಾರಿ ಮರ್ಯಾದೆಯಿಂದ ಕೈಗಿತ್ತ ದಿನದಿಂದ ಬದಲಾಗುತ್ತಾನೆ. ಕೊನೆಯ ಯುದ್ಧದಲ್ಲಿ ಅಡುಗೆಮನೆಯ ಆಳುಗಳನ್ನೆಲ್ಲ ಕರೆದುಕೊಂಡು ಚಾಕು, ಕತ್ತಿ ಹಿಡಿದು ನುಗ್ಗಿ ಬರುತ್ತಾನೆ. ಅಡುಗೆಯವರು ಬೀದಿಗಿಳಿದು ಕಾದಾಡುವ ಆ ನೋಟ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅದನ್ನು ಕೈಬಿಡಲು ಮನಸ್ಸಾದರೂ ಹೇಗೆ ಬಂತು?

ಚೆನ್ನಾಗಿದ್ದುದನ್ನು ಚೆನ್ನಾಗಿದೆ ಎನ್ನಬೇಕು. 2010ರಲ್ಲಿ ಬಂದ ಮೊದಲ ಭಾಗದಲ್ಲಿ ಪುಸ್ತಕದೊಳಗೇ ಬರುವ ಮೂವರು ಅಣ್ಣತಮ್ಮಂದಿರ ಕಥೆಯನ್ನು ನೆರಳಿನ ಚಿತ್ರಗಳಲ್ಲಿ ಹೇಳಿದ್ದಾರೆ. ತೊಗಲುಗೊಂಬೆ ಆಟ ನೋಡಿ ಬೆಳೆದವರು ಅದನ್ನು ತಮ್ಮದೇ ಎಂದುಕೊಂಡಾರು. ಅಲ್ಲಿ ಧ್ವನಿಯೊಂದು ಕಥೆ ಹೇಳುತ್ತ ಹೋಗುತ್ತದೆ, ನಾವು ಮಿಸುಕಾಡದೆ ಕೇಳುತ್ತೇವೆ. ಮಾತಿನ ಮೇಲೆ ಅಲ್ಲಿಟ್ಟ ನಂಬಿಕೆಯನ್ನು ಕೊನೆಯಲ್ಲೂ ಇಟ್ಟಿದ್ದರೆ ಸಾಕಿತ್ತು.

ಇದೇ ಕಥೆಯನ್ನು ಧಾರಾವಾಹಿಯಾಗಿ ಮತ್ತೆ ತೆಗೆಯುವುದಾಗಿ 2023ರಲ್ಲಿ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಘೋಷಿಸಿದೆ. ಏಳನೆಯ ಪುಸ್ತಕದ ಸರದಿ ಬರುವ ಹೊತ್ತಿಗೆ ನಮ್ಮನೆಯ ಹುಡುಗಿಯರಿಬ್ಬರೂ ದೊಡ್ಡವರಾಗಿರುತ್ತಾರೆ. ಆಗಲೂ ಇಬ್ಬರೂ ಮೊದಲು ಎಣಿಸುವುದು ಸುತ್ತ ನಿಂತವರನ್ನೇ.

ಈಗ ಕೂಟದ ಕೆಲಸದ ಮಾತು. ರಾಜ್ಯೋತ್ಸವಕ್ಕೆ ಈ ಸಲ ಮಕ್ಕಳಿಂದ ಸರೋವರದ ಪ್ರಸಂಗ ಆಡಿಸಬೇಕೆಂದಿದ್ದೇನೆ. ರನ್ನನ ಕಾವ್ಯದಿಂದ ಬಿಎಂಶ್ರೀ ಕಟ್ಟಿದ ಗದಾಯುದ್ಧ ನಾಟಕ ನಮ್ಮೆದುರಿಗಿದೆ. ಹಳಗನ್ನಡದ ಬಿಗಿ ಮಾತುಗಳನ್ನು ಮಕ್ಕಳ ಬಾಯಿಗೆ ಹೊಂದಿಸಿಕೊಡಲು ಬಲ್ಲವರ ನೆರವು ಬೇಕು. ಭೀಮನಾಗಲು, ದುರ್ಯೋಧನನಾಗಲು ಮಕ್ಕಳು ಈಗಲೇ ಜಗಳ ಶುರು ಮಾಡಿದ್ದಾರೆ. ಸುತ್ತ ನಿಲ್ಲುವವರು ಸಾಲದಾಗಿದ್ದಾರೆ. ಮಾತಿಲ್ಲದ ಪಾತ್ರ, ಕಂಠಪಾಠ ಬೇಕಿಲ್ಲ, ತಂದೆತಾಯಿ, ಅಜ್ಜ ಅಜ್ಜಿ ಯಾರು ಬೇಕಾದರೂ ಬರಬಹುದು. ಅಭ್ಯಾಸ ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ.